ಕಾಳಿ ದಂಡೆಯ ಮಂಗಟ್ಟೆಗಳು

ಧಾರವಾಡದಿಂದ ಸುಮಾರು 55 ಕಿ.ಮೀ. ದೂರದ ದಾಂಡೇಲಿಗೆ ನಾವು ಹೋದದ್ದು ಮಗಳ ಪರೀಕ್ಷೆ ಮುಗಿದ ಮರುದಿನ. ಬೆಳಗಿನ ಆರಕ್ಕೆ ಕಾಳಿ ನದಿಯ ದಂಡೆಯಲ್ಲಿದ್ದೆವು. ನಡುನೀರಿನ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು; ಬಾಗಿದ ಕೊಂಬೆಯಿಂದ ಮಿಂಚುಳ್ಳಿಯೊಂದು ನೀರಿಗೆ ಧುಮುಕಿತು. ಬಿದಿರುಮೆಳೆ ದಾಟಿ ಕಾಡಿನೊಳಗೆ ನಡೆದರೆ ಹಕ್ಕಿಗಳೇ ಬೇರೆ: ಕಾಜಾಣದ ಸಿಳ್ಳು, ಮರಕುಟಿಗನ ಟಕಟಕ.

ಅಷ್ಟರಲ್ಲಿ ರೆಕ್ಕೆಯ ಭಾರೀ ಸದ್ದು. ಗಂಡು ಮಂಗಟ್ಟೆಯೊಂದು ಆಲದ ಹಣ್ಣು ತುಂಬಿಕೊಂಡು ಹೆಮ್ಮರದ ಪೊಟರೆಯತ್ತ ಹಾರಿತು. ಹೆಣ್ಣು ಪೊಟರೆ ಸೇರಿ, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಒಳಗೆ ಅದರ ಹಾರುವ ಗರಿಗಳೂ ಉದುರುತ್ತವೆ. ಗಂಡು ತಂದದ್ದೇ ಊಟ.

"ಗಂಡು ಬರದಿದ್ರ?" ಮಗಳು ಕೇಳಿದಳು.

"ಒಳಗಿದ್ದವ್ರಿಗೆಲ್ಲ ಉಪವಾಸನ ಅವ್ವಾ."

ಕ್ಯಾಮೆರಾ ಹಿಡಿದು ನಾನು ನಾಲ್ಕು ಹೆಜ್ಜೆ ಮುಂದಿಟ್ಟೆ. ಅವಳು ತೋಳು ಜಗ್ಗಿದಳು: "ಹಿಂದಕ ಬರ್ರಿ ಅಪ್ಪಾ. ನಮ್ಮನ್ನ ನೋಡಿ ಅದು ತಿರುಗಿ ಹೋದೀತು."

ಚಿತ್ರ ಸಿಗಲಿಲ್ಲ. ಹಕ್ಕಿ ಮಾತ್ರ ಪೊಟರೆಗೆ ಬಂದು ತುತ್ತು ಕೊಟ್ಟಿತು.

ದಾಂಡೇಲಿ ಸುತ್ತಲಿನ ಕಾಡು 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಳೆಯ ಮರ ಉಳಿದರೆ ಪೊಟರೆ. ಆಲ, ಅತ್ತಿ ಉಳಿದರೆ ಊಟ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಕೈಯಲ್ಲಿ ದುರ್ಬೀನಿರಲಿ, ಗೂಡಿನಿಂದ ದೂರವಿರಿ.