ಕತ್ತಲಲ್ಲಿ ಕೂತ ಅಮ್ಮ

ಕಳೆದ ಮೇ ತಿಂಗಳ ಗಾಳಿಮಳೆಗೆ ಮಲೆನಾಡಿನ ನನ್ನ ತವರಿನಲ್ಲಿ ಮರ ಬಿದ್ದು ಕರೆಂಟು ಹೋಯಿತು. ಉಬ್ಬಸದ ಅಪ್ಪನಿಗೆ ರಾತ್ರಿ ಎರಡು ಸಲ ನೆಬ್ಯುಲೈಸರ್ ಬೇಕು. ಇನ್ವರ್ಟರ್ ಬ್ಯಾಟರಿ ಮುಗಿದೀತೆಂದು ಅಮ್ಮ ಕತ್ತಲಲ್ಲೇ ಕೂತಿದ್ದಳು.

ಟಾರ್ಚ್ ಹಿಡಿದು ಲೆಕ್ಕ ಹಾಕಿದೆ. 12 ವೋಲ್ಟ್, 150 ಆಂಪಿಯರ್-ಅವರ್. ಗುಣಿಸಿದರೆ 1800 ವ್ಯಾಟ್-ಅವರ್. ಅಕ್ಕಿ ಡಬ್ಬಿಯಂತೆ ಸೀಸದ ಬ್ಯಾಟರಿಯನ್ನೂ ತಳ ಕಾಣಿಸಬಾರದು, ಅರ್ಧ ಬಿಟ್ಟೆ. ಇನ್ವರ್ಟರ್ ತಾನೇ ತಿನ್ನುವುದನ್ನು ಕಳೆದರೆ ಸುಮಾರು 750 ಉಳಿಯಿತು. 75 ವ್ಯಾಟಿನ ಫ್ಯಾನ್ ಹತ್ತು ಗಂಟೆಯಲ್ಲಿ ಅಷ್ಟನ್ನೂ ನುಂಗುತ್ತದೆ. 150 ವ್ಯಾಟಿನ ನೆಬ್ಯುಲೈಸರಿಗೆ ಹತ್ತು ನಿಮಿಷಕ್ಕೆ ಬರೀ 25. 9 ವ್ಯಾಟಿನ ದೀಪಕ್ಕೆ ರಾತ್ರಿಯಿಡೀ ನೂರೂ ಬೇಡ.

“ಹಾಗಾದರೆ ದೀಪ ಹಾಕಲೇನೇ?” ಎಂದಳು.

ಹಾಕಿದಳು. ಅವಳು ಎಷ್ಟು ಇಳಿದುಹೋಗಿದ್ದಾಳೆಂದು ಆಗಲೇ ನನಗೆ ಕಂಡದ್ದು.