ಎಲ್ರೂ ಅಂದ್ರೆ ಎಷ್ಟು ಜನ?

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಇಡೀ ಟೀಮಿಗೆ ಒಂದು ಮೇಲ್ ಕಳಿಸಿದ್ದೆ: ‘ಎವ್ರಿಒನ್ ಹ್ಯಾವ್ ಸಬ್ಮಿಟೆಡ್ ದೇರ್ ಶೀಟ್ಸ್’. ಹತ್ತು ನಿಮಿಷದಲ್ಲಿ ಮ್ಯಾನೇಜರ್ ಎಲ್ಲರಿಗೂ ಕಾಣುವ ಹಾಗೆ ಉತ್ತರ ಬರೆದರು: ‘ಹ್ಯಾಸ್, ನಾಟ್ ಹ್ಯಾವ್’. ಅಷ್ಟೇ. ಹಾಸನದ ಕಡೆಯ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದ ನನಗೆ ಆ ಒಂದು ಸಾಲು ಸಾಕಾಯ್ತು. ಆರು ತಿಂಗಳು ಮೀಟಿಂಗಲ್ಲಿ ಬಾಯಿ ಬಿಡಲಿಲ್ಲ.

ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ಗೊತ್ತಾಯ್ತು. ನಾನು ಕನ್ನಡದಲ್ಲಿ ಯೋಚಿಸಿದ್ದೆ. ನಮ್ಮ ‘ಎಲ್ಲರೂ’ ಬಹುವಚನ. ‘ಎಲ್ಲರೂ ಬಂದಿದ್ದಾರೆ’ ಅಂತೀವಿ. ಇಂಗ್ಲಿಷಿನ ‘ಎವ್ರಿಒನ್’ ಒಳಗೆ ಒಂದು ‘ಒನ್’ ಕೂತಿದೆ. ಅರ್ಥದಲ್ಲಿ ಗುಂಪು, ವ್ಯಾಕರಣದಲ್ಲಿ ಒಬ್ಬೊಬ್ಬರೇ. ಅದಕ್ಕೇ ‘ಹ್ಯಾಸ್’. ‘ಎವ್ರಿಬಡಿ’, ‘ಸಮ್‌ಒನ್’, ‘ನೋಬಡಿ’ಗೂ ಇದೇ ಲೆಕ್ಕ. ಆದರೆ ಅದೇ ವಾಕ್ಯದಲ್ಲಿ ಮುಂದೆ ‘ದೇರ್’ ಬಂದರೆ ತಪ್ಪಿಲ್ಲ. ಒಬ್ಬರಿಗೆ ‘ದೇ’, ‘ದೇರ್’ ಅನ್ನುವ ರೂಢಿ 14ನೇ ಶತಮಾನದಿಂದಲೂ ಇದೆ. ವಿಚಿತ್ರ ಅನ್ನಿಸ್ತಾ? ‘ಮೇಷ್ಟ್ರು ಬಂದರು’ ಅಂದಾಗ ಬಂದದ್ದು ಒಬ್ಬರೇ ತಾನೇ!

ವ್ಯಾಕರಣ ಅಲ್ಲಿಗೆ ಮುಗೀತು ಅಂದುಕೊಂಡಿದ್ದೆ. ಕಳೆದ ದೀಪಾವಳಿಗೆ ಊರಿಗೆ ಹೋದೆ. ರಾತ್ರಿ ಊಟ ಮುಗಿಸಿ ಕೈ ತೊಳೆಯುವಾಗ ಅತ್ತೆ ಫೋನ್ ಮಾಡಿದರು.

‘ಎಲ್ರದೂ ಊಟ ಆಯ್ತಾ?’

‘ಎಲ್ರದೂ ಆಯ್ತು ಅತ್ತೆ.’

ಫೋನ್ ಇಟ್ಟು ಅಡುಗೆಮನೆಗೆ ಹೋದರೆ ಅಮ್ಮ ಒಬ್ಬಳೇ ಕೂತು ಪಾತ್ರೆಯ ತಳದ ಅನ್ನಕ್ಕೆ ಸಾರು ಹಾಕಿಕೊಳ್ತಾ ಇದ್ದಳು. ಹೋಳಿಗೆ ಡಬ್ಬಿ ಖಾಲಿ.

‘ನಿನಗೆ ಹೋಳಿಗೆ?’

‘ಎಲ್ರೂ ತಿಂದ್ರಲ್ಲ, ಬಿಡು’ ಅಂದಳು.

ಅವಳ ‘ಎಲ್ರೂ’ ಒಳಗೆ ಅವಳೇ ಇರಲಿಲ್ಲ. ನಿಮಿಷದ ಹಿಂದೆ ನಾನು ಹೇಳಿದ್ದರಲ್ಲೂ ಇರಲಿಲ್ಲ. ಕನ್ನಡದ ತಪ್ಪಲ್ಲ ಇದು. ‘ಒಬ್ಬೊಬ್ಬರೂ’, ‘ಪ್ರತಿಯೊಬ್ಬರೂ’ ನಮ್ಮಲ್ಲೂ ಇವೆ. ಮನೇಲಿ ನಾವು ಎಣಿಸಿರಲಿಲ್ಲ, ಅಷ್ಟೇ. ಮೇಲಿನಲ್ಲಿ ಮಾಡಿದ ತಪ್ಪಿಗೆ ಆರು ತಿಂಗಳು ನಾಚಿಕೊಂಡವನು, ಈ ತಪ್ಪನ್ನು ಇಷ್ಟು ವರ್ಷ ಗಮನಿಸಿಯೂ ಇರಲಿಲ್ಲ.

ಈಗ ಊರಿಗೆ ಹೋದರೆ ತಟ್ಟೆ ಹಾಕೋದು ನನ್ನ ಕೆಲಸ. ಎಣಿಸಿಯೇ ಹಾಕ್ತೀನಿ. ಅಪ್ಪ, ಅಣ್ಣ, ಅತ್ತಿಗೆ, ನಾನು, ಅಮ್ಮ. ಐದು.

‘ನೀವೆಲ್ಲ ಕೂತ್ಕೊಳ್ಳಿ, ನಂದು ಆಮೇಲೆ’ ಅಂತ ಅಮ್ಮ ಈಗಲೂ ಅಂತಾಳೆ.

‘ಹಾಗಾದ್ರೆ ನಮ್ದೂ ಆಮೇಲೆ’ ಅಂತೀನಿ. ಸಾರು ಆರುತ್ತೆ ಅಂತ ಬೈಕೊಂಡು ಬಂದು ಕೂರ್ತಾಳೆ.