ಜಮಖಂಡಿ ಸೀಮೆಯಲ್ಲಿ ಮಾಧ್ಯಮ ಕಲಿಕೆ

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಪತ್ರಿಕೋದ್ಯಮ ಬಹುಕಾಲ ಕಾಲೇಜಿನ ಪಾಠವಾಗಿರಲಿಲ್ಲ, ನೋಡಿ ಕಲಿಯುವ ಕಸುಬಾಗಿತ್ತು. 1990ರ ದಶಕದ ಬಿಡಿ ಸುದ್ದಿಗಾರ ಹಗಲು ಹೊತ್ತು ಪತ್ರಿಕೆ ಏಜೆಂಟನೋ ಅಂಗಡಿಕಾರನೋ ಆಗಿರುತ್ತಿದ್ದ. ಸಂಜೆಯಾದರೆ ಬಿಳಿ ಹಾಳೆಯ ಒಂದೇ ಮಗ್ಗುಲಿಗೆ ಸುದ್ದಿ ಬರೆದು, ಸ್ಟುಡಿಯೊದಲ್ಲಿ ತೊಳೆಸಿದ ಕಪ್ಪು-ಬಿಳುಪು ಫೋಟೊ ಜೊತೆಗಿಟ್ಟು, ಲಕೋಟೆಯ ಮೇಲೆ ಪತ್ರಿಕೆಯ ಹೆಸರು ಬರೆದು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ. ಬಸ್ಸು ತಪ್ಪಿದರೆ ಸುದ್ದಿ ಒಂದು ದಿನ ಹಳಸುತ್ತಿತ್ತು. ತುರ್ತಿದ್ದರೆ ತಂತಿ, ಆಮೇಲೆ ಫ್ಯಾಕ್ಸ್. ಬರೆದದ್ದರಲ್ಲಿ ಎಷ್ಟು ಅಚ್ಚಾಯಿತು, ಯಾವ ಸಾಲು ಕತ್ತರಿಸಿಹೋಯಿತು ಎಂದು ಮರುದಿನದ ಪತ್ರಿಕೆಯಲ್ಲಿ ಹುಡುಕಿ ನೋಡುವುದೇ ಅವನ ಪಾಠ. ತಪ್ಪು ತಿದ್ದಿ ಹೇಳುವ ಗುರು ಇರಲಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಬೋಧನೆ 1951ರಲ್ಲೇ ಶುರುವಾಗಿದ್ದರೂ ಕೃಷ್ಣೆ-ಘಟಪ್ರಭೆಯ ದಂಡೆಯ ಹುಡುಗರಿಗೆ ಅದು ದೂರದ ಮಾತು. ಅವರ ಪಾಲಿಗೆ ವಿಶ್ವವಿದ್ಯಾಲಯವೆಂದರೆ 1949ರಲ್ಲಿ ಸ್ಥಾಪನೆಯಾದ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಮಾಧ್ಯಮ ಓದಬೇಕೆಂದರೆ ಧಾರವಾಡದಲ್ಲಿ ರೂಮು ಹಿಡಿಯಬೇಕು. ಹಾಗೆ ಹೋದವರಲ್ಲಿ ಹಲವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಉಳಿದರು. ಊರಿಗೆ ಕಲಿತ ಪತ್ರಕರ್ತರು ಸಿಗುವುದು ಅಪರೂಪವಾಯಿತು.

ಆದರೆ ಕಥೆ ಹೇಳುವ ವಿದ್ಯೆಗೆ ಈ ಸೀಮೆಯಲ್ಲಿ ಎಂದೂ ಬರವಿರಲಿಲ್ಲ. ಅಪರಾಳ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ಶ್ರೀಕೃಷ್ಣ ಪಾರಿಜಾತ ಎಂಬ ಆಟ ಈ ಭಾಗದ ಬಯಲುಗಳಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಭಾಗವತನೂ ದೂತಿಯೂ ಅಂದಂದಿನ ಊರ ಸುದ್ದಿಯನ್ನು ಆಟದೊಳಗೇ ಹೆಣೆದು ಜನರನ್ನು ನಗಿಸುತ್ತಿದ್ದರು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದಾಗ ಆ ಸಂಗತಿಯನ್ನು ಊರೂರಿಗೆ ಮುಟ್ಟಿಸಿದ್ದು ಪತ್ರಿಕೆಯಲ್ಲ, ಲಾವಣಿ. 1880ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಅದನ್ನು ಬರೆಸಿಕೊಂಡು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಬಾಯಲ್ಲಿದ್ದದ್ದು ಕಾಗದಕ್ಕೆ ಇಳಿದದ್ದರಿಂದಲೇ ಆ ಪಾಠ ಇಂದು ಯಾವ ವಿದ್ಯಾರ್ಥಿಯ ಕೈಗೂ ಸಿಗುತ್ತದೆ. ಅದೇ ಕಾಲದ ಎಷ್ಟು ಲಾವಣಿಗಳು ಹಾಡಿದವರೊಂದಿಗೇ ಹೋದವೋ ಲೆಕ್ಕವಿಲ್ಲ.

ಹೊಸ ಮಾಧ್ಯಮದ ಮಂದಿಯೂ ಇಲ್ಲಿಗೆ ಬಂದುಹೋಗಿದ್ದಾರೆ. 1937ರಲ್ಲಿ ಜಮಖಂಡಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ಬೆಳ್ಳಾವೆ ವೆಂಕಟನಾರಣಪ್ಪ, 1918ರಲ್ಲಿ ‘ವಿಜ್ಞಾನ’ ಪತ್ರಿಕೆ ಹೊರಡಿಸಿದವರಲ್ಲಿ ಒಬ್ಬರು. 1995ರಲ್ಲಿ ಮುಧೋಳದ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಎಚ್.ಎಲ್. ನಾಗೇಗೌಡ, ಹಳ್ಳಿ ಹಾಡುಗಾರರ ದನಿಯನ್ನು ಟೇಪಿಗೆ ಹಿಡಿಸಿ ಜಾನಪದ ಲೋಕ ಕಟ್ಟಿದವರು. ಟೇಪ್‌ರೆಕಾರ್ಡರ್ ಹಿಡಿದು ಹಳ್ಳಿಗೆ ಹೋಗುವ ಆ ಕೆಲಸವನ್ನು ಈಗಿನ ತರಗತಿಯ ಕ್ಷೇತ್ರಕಾರ್ಯಕ್ಕೆ ಮೊದಲ ಮಾದರಿ ಎಂದೇ ಹೇಳಬೇಕು.

ಯಂತ್ರಗಳ ಬದಲಾವಣೆ ಮೊದಲು ಕಂಡದ್ದು ಕಾಲೇಜಿನಲ್ಲಿ ಅಲ್ಲ, ಬಜಾರದಲ್ಲಿ. ಮೊಳೆ ಜೋಡಿಸುವ ಪ್ರೆಸ್ಸುಗಳು ಒಂದೊಂದಾಗಿ ಡಿಟಿಪಿ ಅಂಗಡಿಗಳಾದವು. 1998ರಲ್ಲಿ ಬಂದ ಬರಹ ತಂತ್ರಾಂಶ, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ನುಡಿ, ಲಗ್ನಪತ್ರಿಕೆಯಿಂದ ಹಿಡಿದು ಸುದ್ದಿಯವರೆಗೆ ಎಲ್ಲವನ್ನೂ ಕೀಲಿಮಣೆಗೆ ತಂದವು. ಫೋಟೊ ಸ್ಟುಡಿಯೊದವರು ಮದುವೆ ವಿಡಿಯೊಕ್ಕೆ ವಿಎಚ್‌ಎಸ್ ಕ್ಯಾಮೆರಾ ಕೊಂಡರು, ಅನಂತರ ಮಿನಿ ಡಿವಿ. ಕ್ಯಾಸೆಟ್ ಹಿಡಿದು ‘ಮಿಕ್ಸಿಂಗ್’ಗೆ ದೊಡ್ಡ ಊರಿಗೆ ಓಡುತ್ತಿದ್ದವರು ಕೆಲವೇ ವರ್ಷಗಳಲ್ಲಿ ಅಂಗಡಿಯ ಹಿಂದಿನ ಕೋಣೆಯಲ್ಲೇ ಕಂಪ್ಯೂಟರ್ ಇಟ್ಟು ಎಡಿಯಸ್ ತಂತ್ರಾಂಶದಲ್ಲಿ ತುಂಡರಿಸಿ ಜೋಡಿಸತೊಡಗಿದರು. ದೃಶ್ಯ ಎಲ್ಲಿ ಕಡಿಯಬೇಕು, ಹಾಡು ಎಲ್ಲಿ ಏರಬೇಕು ಎಂಬುದನ್ನು ಈ ಸೀಮೆಯ ಮೊದಲ ಸಂಕಲನಕಾರರು ಕಲಿತದ್ದು ಆ ಕೋಣೆಗಳಲ್ಲಿ. ಅವರ ಜಾಣ್ಮೆಗೆ ಯಾವ ಪ್ರಮಾಣಪತ್ರವೂ ಸಿಗಲಿಲ್ಲ, ಅದು ಅನ್ಯಾಯವೇ.

ವಿಶ್ವವಿದ್ಯಾಲಯ ಹತ್ತಿರ ಬಂದದ್ದು ಹಂತಹಂತವಾಗಿ. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅಲ್ಲಿ ಪತ್ರಿಕೋದ್ಯಮ ವಿಭಾಗವೂ ಬಂದಾಗ ಹೆಣ್ಣುಮಕ್ಕಳು ಕ್ಯಾಮೆರಾ ಹಿಡಿಯುವುದಕ್ಕೆ ಮನೆಯವರ ಒಪ್ಪಿಗೆ ಸಿಗುವುದು ಸುಲಭವಾಯಿತು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ರೂಪುಗೊಂಡು ಈ ತಾಲ್ಲೂಕುಗಳ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮದೊಂದಿಗೆ ‘ಡಿಜಿಟಲ್ ಫ್ಲುಯೆನ್ಸಿ’ ಎಂಬ ವಿಷಯ ಪದವಿ ತರಗತಿಗಳಿಗೆ ಬಂತು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಆರಂಭವಾಯಿತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, 9 ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಬೇಡವೆಂದು ಸಂಪುಟ ಉಪಸಮಿತಿ ಅಭಿಪ್ರಾಯಪಟ್ಟಾಗ ಆ ಪಟ್ಟಿಯಲ್ಲಿ ಇದರ ಹೆಸರೂ ಇತ್ತು.

ಡಿಜಿಟಲ್ ಕಥನ ಎಂದು ಇಂದು ತರಗತಿಯಲ್ಲಿ ಕಲಿಸುವ ಪ್ರಕಾರ ಹುಟ್ಟಿದ್ದು 1990ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಸಾಮಾನ್ಯ ಜನರನ್ನು ಕೂರಿಸಿ, ಅವರದೇ ದನಿ, ಅವರದೇ ಮನೆಯ ಫೋಟೊ ಬಳಸಿ ಎರಡು-ಮೂರು ನಿಮಿಷದ ಕಥೆ ಮಾಡಿಸಿದರು. 2001ರಿಂದ ಬಿಬಿಸಿ ವೇಲ್ಸ್‌ನ ಊರುಗಳಲ್ಲಿ ಇದೇ ಬಗೆಯ ಕಮ್ಮಟಗಳನ್ನು ನಡೆಸಿತು. ದುಬಾರಿ ಸಲಕರಣೆ ಬೇಡ, ಹೇಳುವವರಿಗೆ ಹೇಳಲೇಬೇಕಾದ ಒಂದು ಮಾತಿರಬೇಕು ಎಂಬುದು ಇದರ ತಿರುಳು. 2016ರಲ್ಲಿ ಅಗ್ಗದ ಡೇಟಾ ಬಂದ ಮೇಲೆ ಜಮಖಂಡಿಯ ವಿದ್ಯಾರ್ಥಿಗೂ ಇದು ಎಟಕುವಂತಾಯಿತು. ರೆಕಾರ್ಡ್ ಮಾಡುವುದು, ಕೈನ್‌ಮಾಸ್ಟರ್ ಆ್ಯಪ್‌ನಲ್ಲಿ ಜೋಡಿಸುವುದು, ಹೊರಗೆ ಬಿಡುವುದು ಎಲ್ಲವೂ ಒಂದೇ ಮೊಬೈಲಿನಲ್ಲಿ.

ಈ ಕಲಿಕೆಯ ಗಟ್ಟಿತನ ತಿಳಿಯುವುದು ಕ್ಷೇತ್ರಕ್ಕೆ ಇಳಿದಾಗ. ಬನಹಟ್ಟಿಯ ಓಣಿಯಲ್ಲಿ ಪಾವರ್‌ಲೂಮ್ ಸದ್ದಿನ ನಡುವೆ ನೇಕಾರರ ಮಾತು ಹಿಡಿದರೆ ಮನೆಗೆ ಬಂದು ಕೇಳುವಾಗ ಸದ್ದೇ ಉಳಿದು ಮಾತು ಮುಳುಗಿರುತ್ತದೆ. ಮಾತನ್ನು ಹೊರಗಿನ ಕಟ್ಟೆಯ ಮೇಲೆ ಕೂತು ಪಡೆಯಬೇಕು, ಮಗ್ಗದ ಸದ್ದನ್ನು ಬೇರೆಯಾಗಿ ಹಿಡಿದು ಆಮೇಲೆ ತಗ್ಗಿಸಿ ಕೆಳಗೆ ಹಾಸಬೇಕು. ಮನೆಯೊಳಗೆ ನೂಲಿನ ಕಂಡಿಕಿ ಸುತ್ತುವ ಹೆಂಗಸರು ಗಂಡು ಹುಡುಗರೆದುರು ‘ಏನ್ ಹೇಳೂದೈತಿ ಬಿಡ್ರಿ’ ಎಂದು ಸುಮ್ಮನಾಗಿ, ವಿದ್ಯಾರ್ಥಿನಿಯರೊಂದಿಗೆ ಸಂಜೆತನಕ ಮಾತಾಡುವುದುಂಟು. ಕೂಲಿಯ ಲೆಕ್ಕ, ನೂಲಿನ ದರ, ಹಬ್ಬದ ಮುಂಗಡ ಎಲ್ಲವೂ ಬರುವುದು ಆ ಮಾತಿನಲ್ಲಿ. ಬೀಳಗಿ ತಾಲ್ಲೂಕಿನಲ್ಲಿ ಕೆಲಸ ಇನ್ನೂ ಸೂಕ್ಷ್ಮ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರದ ಮನೆಯಲ್ಲಿ ಹಳೆಯ ಫೋಟೊ ತೆಗೆದು ತೋರಿಸುವಾಗ ಕ್ಯಾಮೆರಾ ಯಾವಾಗ ಕೆಳಗಿಡಬೇಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಾರದು. 2019ರ ಆಗಸ್ಟ್ ಪ್ರವಾಹದಲ್ಲಿ ಜನರು ತಾವೇ ಹಿಡಿದ ವಿಡಿಯೊಗಳು ಹೇರಳವಾಗಿ ಓಡಾಡಿದವು. ಯಾವ ಊರು, ಯಾವ ದಿನ ಎಂದು ಗುರುತು ಹಚ್ಚಿದವು ಮಾತ್ರ ಕಡಿಮೆ.

ಟಿಕ್‌ಟಾಕ್‌ನಲ್ಲಿ ಈ ಸೀಮೆಯ ಹುಡುಗರು ತಮ್ಮ ಮಾತಿನ ಧಾಟಿಗೆ ಇಡೀ ನಾಡಿನ ಕಿವಿ ಇದೆ ಎಂಬುದನ್ನು ಕಂಡುಕೊಂಡರು. 2020ರ ಜೂನ್‌ನಲ್ಲಿ ಅದು ನಿಷೇಧವಾದಾಗ ರೀಲ್ಸ್‌ಗೂ ಯೂಟ್ಯೂಬಿಗೂ ಹೊರಳಿದರು. ಊರ ಹೆಸರನ್ನೇ ಹೊತ್ತ ಮಲ್ಲು ಜಮಖಂಡಿಯಂಥ ಹಾಸ್ಯ ಚಾನೆಲ್ಲುಗಳಿಗೂ ಡಿಜೆ ಜಾನಪದ ಹಾಡುಗಳಿಗೂ ಹಾದಿ ತೆರೆದದ್ದು ತರಗತಿಯಲ್ಲ. ದೂತಿಯ ಚುರುಕು ಮಾತು ಈ ತುಣುಕುಗಳಲ್ಲಿ ಇಂದಿಗೂ ಕೇಳುತ್ತದೆ. ಇಂಥ ಪ್ರತಿಭೆಯನ್ನು ‘ಟೈಂಪಾಸ್’ ಎಂದು ದೂರವಿಡುವ ಅಧ್ಯಾಪಕರು ತಮ್ಮ ಅತ್ಯುತ್ತಮ ವಿದ್ಯಾರ್ಥಿಗಳನ್ನೇ ಕಳೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯ ಕೊಡಬೇಕಾದದ್ದು ನಗಿಸುವ ಕಲೆಯನ್ನಲ್ಲ. ಸತ್ಯ ಪರಿಶೀಲನೆ, ಅನುಮತಿ, ಹಕ್ಕುಸ್ವಾಮ್ಯ, ದಾಖಲಾತಿ ಇವುಗಳ ಅರಿವನ್ನು. ಈಗ ಮಾತನ್ನು ಬರಹಕ್ಕಿಳಿಸುವ ಯಂತ್ರಬುದ್ಧಿಯೂ ಬಂದಿದೆ. ‘ಮಾಡಾಕತ್ತಾನ’, ‘ಹೋಗ್ಯಾಳ’ ಎಂಬ ಮಾತುಗಳನ್ನು ಅದು ಸರಿಯಾಗಿ ಹಿಡಿಯಬೇಕಾದರೆ ಇಲ್ಲಿಯ ದನಿಗಳು ಸಾಕಷ್ಟು ದಾಖಲಾಗಿರಬೇಕು.

ದಾಖಲಾದದ್ದು ಉಳಿಯುತ್ತಿಲ್ಲ ಎಂಬುದೇ ದೊಡ್ಡ ಕೊರತೆ. ಮಿನಿ ಡಿವಿ ಟೇಪುಗಳಿವೆ, ಓಡಿಸುವ ಯಂತ್ರವಿಲ್ಲ. ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ಬದಲಿಸದೆ ತೆರೆದರೆ ತೆರೆಯ ಮೇಲೆ ಅರ್ಥವಿಲ್ಲದ ಗುರುತುಗಳು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳು ಅಂಕ ಬಿದ್ದ ಮರುದಿನವೇ ಮೊಬೈಲಿನಿಂದ ಅಳಿಸಿಹೋಗುತ್ತವೆ. ವಿಶ್ವವಿದ್ಯಾಲಯದ ಹೆಸರು, ಪಠ್ಯಕ್ರಮ ಮುಂದೆಯೂ ಬದಲಾಗಬಹುದು. ಈ ನಾಲ್ಕು ತಾಲ್ಲೂಕುಗಳ ಪ್ರತಿ ಕಾಲೇಜು ಗ್ರಂಥಾಲಯವೂ ವಿದ್ಯಾರ್ಥಿಗಳ ಕಥನದ ಒಂದು ಪ್ರತಿಯನ್ನು, ಹೇಳಿದವರ ಒಪ್ಪಿಗೆ ಪಡೆದು, ಊರು, ದಿನಾಂಕ, ವಿವರವನ್ನು ಯುನಿಕೋಡಿನಲ್ಲಿ ಬರೆದು, ಎರಡು ಕಡೆ ಜೋಪಾನ ಮಾಡಲಿ. ಇದಕ್ಕೆ ಸರಕಾರದ ಆದೇಶ ಬೇಕಿಲ್ಲ, ಬರುವ ಸೆಮಿಸ್ಟರಿನಿಂದಲೇ ಶುರುಮಾಡಬಹುದು.